ಬೇರೆಯವರ ಮನೆಯ ಚಳಿಗಾಲ

ಕುವೈತಿನಲ್ಲಿ ಚಳಿಗಾಲ ಬಂದದ್ದು ನನಗೆ ತಿಳಿಯುವುದು ಬಚ್ಚಲುಮನೆಯಲ್ಲಿ. ಬೇಸಿಗೆಯಿಡೀ ತಾರಸಿಯ ಟ್ಯಾಂಕಿನ ನೀರು ಕೈ ಸುಡುತ್ತದೆ. ಆಗ ಗೀಸರಿನ ಸ್ವಿಚ್ಚು ಆರಿಸಿ, ಅದರೊಳಗೆ ತಣಿದ ನೀರಿನಲ್ಲಿ ಮೀಯುತ್ತೇವೆ. ಒಂದು ಬೆಳಿಗ್ಗೆ ಯಾರೋ ಒಳಗಿನಿಂದ "ಅಯ್ಯಯ್ಯೋ!" ಎಂದು ಕಿರುಚಿದರೆ ಸ್ವಿಚ್ಚು ಹಾಕುವ ಕಾಲ ಬಂತೆಂದು ಅರ್ಥ. ಆಮೇಲೆ ಸುಖವೋ ಸುಖ. ಎಸಿಯ ಗೊರಕೆ ನಿಲ್ಲುತ್ತದೆ. ಕಿಟಕಿ ತೆರೆಯಬಹುದು. ಬಿಸಿಲಿಗೆ ಬೆನ್ನು ಕಾಯಿಸುತ್ತ ಬೀದಿಯಲ್ಲೇ ನಿಂತು ಚಹಾ ಕುಡಿಯಬಹುದು. ಶುಕ್ರವಾರ ಜಹ್ರಾ ದಾಟಿ ಮರಳುಗಾಡಿಗೆ ಹೋಗಿ, ಕೆಂಡದ ಮೇಲೆ ಕೋಳಿ ಸುಟ್ಟು ತಿಂದು, ಅಂಗಿಯಲ್ಲಿ ಹೊಗೆಯ ವಾಸನೆ ಹೊತ್ತು ಮರಳಬಹುದು.

ಇದೆಲ್ಲ ಎಲ್ಲರ ಚಳಿಗಾಲ. ನನ್ನದು ಹೆಂಡತಿ ಬರುವ ಕಾಲ. ಹೆಂಡತಿಯನ್ನು ಇಲ್ಲೇ ಇಟ್ಟುಕೊಳ್ಳುವ ವೀಸಾಕ್ಕೆ ನನ್ನ ಸಂಬಳ ಎಟುಕುವುದಿಲ್ಲ. ವಿಸಿಟ್ ವೀಸಾ ಸಿಗುತ್ತದೆ, ಅದೂ ಅವರ ಮರ್ಜಿ. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ! ಕೊಟ್ಟ ವರ್ಷ ಒಂದು ತಿಂಗಳು ಬರುತ್ತಾಳೆ. ನಮಗೆ ಮಕ್ಕಳಿಲ್ಲ. ಯಾಕೆಂದು ಕೇಳುವ ಊರಿನವರಿಗೆ ನಾನು ವೀಸಾದ ಕಾನೂನು ವಿವರಿಸಲಾರೆ, ಸುಮ್ಮನೆ ಹಲ್ಲು ಬಿಡುತ್ತೇನೆ.

ಬಂದರೆ ಇರುವುದೆಲ್ಲಿ? ಮಹಬೂಲಾದ ನನ್ನ ಕೋಣೆಯಲ್ಲಿ ಗಂಡಸರ ಮಂಚದ ಮೇಲೆ ಮಂಚ. ಅದಕ್ಕೆ ನಮ್ಮ ಕಡೆಯವರು ಒಂದು ದಾರಿ ಮಾಡಿಕೊಂಡಿದ್ದೇವೆ. ಕ್ರಿಸ್ಮಸ್ಸಿಗೆ ಮಂಗಳೂರಿಗೆ ಹೋಗುವ ಕೊಂಕಣಿ ಕುಟುಂಬಗಳು ಮನೆಯ ಕೀಲಿಕೈಯನ್ನು ನಮ್ಮಂಥವರಿಗೆ ಕೊಟ್ಟು ಹೋಗುತ್ತವೆ. ನಾವು ಗಿಡಗಳಿಗೆ ನೀರೆರೆಯಬೇಕು, ಕಾರು ನಿಂತಲ್ಲೇ ಸಾಯದಂತೆ ಆಗಾಗ ಸ್ಟಾರ್ಟ್ ಮಾಡಬೇಕು. ನನಗೆ ಕೀಲಿಕೈ ಕೊಡುವುದು ಬ್ನೇದ್ ಅಲ್ ಗಾರ್ ಬಡಾವಣೆಯ ಒಬ್ಬ ಬಾಯಿ. ಊರಿನಲ್ಲಿ ಕ್ರಿಸ್ತರ ಹೆಂಗಸರನ್ನು ಕರೆಯುವಂತೆ ಇಲ್ಲೂ ಬಾಯಿ ಎಂದೇ ಕರೆಯುತ್ತೇನೆ. ಬಂಗಾರದಂಥ ಮನಸ್ಸು. "ನಿಮ್ಮದೇ ಮನೆ ಅಂತ ಇರಿ" ಎನ್ನುತ್ತಾರೆ.

ನಮ್ಮದೇ ಎಂದು ಇರುವುದು ಹೇಗೆ? ಹೆಂಡತಿ ಬಂದ ದಿನವೇ ಅಡುಗೆಮನೆಯ ಕಪಾಟುಗಳ ಫೋಟೊ ತೆಗೆದುಕೊಳ್ಳುತ್ತಿದ್ದಳು, ಹೋಗುವಾಗ ಡಬ್ಬಿಗಳನ್ನು ಹಾಗೆಯೇ ಇಡಬೇಕಲ್ಲ. ಅವರ ಮದುವೆಯ ಫೋಟೊದ ಕೆಳಗೆ ನಾವು ಮಲಗುತ್ತಿದ್ದೆವು. ಆದರೂ ಆ ಒಂದು ತಿಂಗಳು! ಮಗ್ಗುಲಲ್ಲಿ ಒಬ್ಬಳು ಉಸಿರಾಡುತ್ತಾಳೆ, ಬೆಳಿಗ್ಗೆ ಒಲೆಯ ಮೇಲೆ ನೀರುದೋಸೆ ಚುಂಯ್ ಎನ್ನುತ್ತದೆ. ಕರಾವಳಿಯವಳು, ಸ್ವೆಟರನ್ನೇ ಕಂಡವಳಲ್ಲ. ಮೊದಲ ವರ್ಷ ಸಮುದ್ರದ ದಂಡೆಯಲ್ಲಿ ನಡೆಯುವಾಗ, "ಇಲ್ಲಿ ನೋಡಿ, ನನ್ನ ಬಾಯಿಯಿಂದ ಹೊಗೆ ಬರ್ತಾ ಉಂಟು!" ಎಂದು ಮಗುವಿನಂತೆ ಮತ್ತೆ ಮತ್ತೆ ಉಸಿರು ಬಿಟ್ಟಿದ್ದಳು. ನಾನು ಅಷ್ಟು ಸಂತೋಷವಾಗಿದ್ದದ್ದು ಆಮೇಲೆ ನೆನಪಿಲ್ಲ.

ಈ ವರ್ಷ ಬಾಯಿ ಎಂದಿನಂತೆ ಕೀಲಿಕೈ ಕೊಡುತ್ತೇನೆಂದರು. ಕುಣಿದುಕೊಂಡು ಊರಿಗೆ ಫೋನು ಮಾಡಿದೆ.

"ನಾನು ಬರುದಿಲ್ಲ" ಎಂದಳು.

"ಎಂತದು? ಹುಷಾರಿಲ್ವಾ?"

"ಹುಷಾರುಂಟು. ಹೋದ ವರ್ಷ ಒಂದು ವಿಷಯ ಹೇಳಿರಲಿಲ್ಲ ನಿಮ್ಗೆ. ಕೆಳಗಿನ ಮನೆಯ ಹೆಂಗಸು ಬಂದು ಬೆಲ್ ಮಾಡಿದ್ಲು. ಹಿಂದಿಯವಳು. ನೀನು ಮೇಡಂ ಮನೆಯ ಕೆಲಸದವಳಾ ಅಂತ ಕೇಳಿದ್ಲು."

ಯಾರಾದರೂ ಕೇಳಿದರೆ ಬಾಯಿಯ ತಂಗಿ ಎನ್ನಬೇಕೆಂದು ಅವಳಿಗೆ ಹೇಳಿಕೊಟ್ಟಿದ್ದೆವು. ಹೊರಗಿನವರು ಬಂದು ಇರುವುದು ಕಟ್ಟಡದ ಕಾವಲುಗಾರನಿಗೆ ಗೊತ್ತಾದರೆ ಬಾಯಿಗೆ ತೊಂದರೆ.

"ತಂಗಿ ಅಂತ ಹೇಳಬಾರದಿತ್ತಾ ಮಾರಾಯ್ತಿ?"

"ಕುತ್ತಿಗೆಯಲ್ಲಿ ಕರಿಮಣಿ ಇಟ್ಕೊಂಡು ಯಾವ ಬಾಯಿಯ ತಂಗಿ ಆಗ್ಲಿ? ಹೌದು, ಕೆಲಸದವಳು ಅಂದೆ. ಮೇಡಂ ಬಂದ ಮೇಲೆ ನಮ್ಮ ಮನೆಗೂ ಬಾ, ಕೆಲಸ ಉಂಟು ಅಂದ್ಲು."

ಅವಳೇ ಮುಂದುವರಿಸಿದಳು.

"ನೀವು ಇಲ್ಲಿ ಬಂದ್ರೆ ನೆಂಟರು. ನಾನು ಅಲ್ಲಿ ಬಂದ್ರೆ ಕೆಲಸದವಳು. ನಾವು ಗಂಡ ಹೆಂಡತಿ ಆಗುದು ಎಲ್ಲಿ ಹೇಳಿ?"

ಸಿಟ್ಟು ಬಂತು. ಅವಳ ಮೇಲಲ್ಲ. ಕೆಳಗಿನ ಮನೆಯವಳ ಮೇಲೆ, ವೀಸಾದ ಮೇಲೆ, ಒಬ್ಬ ಹೆಂಗಸಿಗೆ ಒಂದು ಅಡುಗೆಮನೆ ಕೊಡಲಾಗದ ನನ್ನ ಈ ಹಾಳು ದುಡಿಮೆಯ ಮೇಲೆ. "ಆಯ್ತು" ಎಂದೆ, ಅಷ್ಟೇ.

ಹೆಂಡತಿಗೆ ವೀಸಾ ಸಿಗಲಿಲ್ಲವೆಂದು ಬಾಯಿಗೆ ಸುಳ್ಳು ಹೇಳಿದೆ. "ಪಾಪ, ಈ ಚಳಿಗೆ ಅವಳು ಇರಬೇಕಿತ್ತು" ಎಂದು ನೊಂದುಕೊಂಡರು. ಗೆಳೆಯನೊಬ್ಬನಿಗೆ ಮಾತ್ರ ನಿಜ ಹೇಳಿದೆ. ನನ್ನ ಕೋಣೆಯವನೇ, ಬಂಟ್ವಾಳದ ಬ್ಯಾರಿ. ಶುಕ್ರವಾರ ಮರಳುಗಾಡಿನಲ್ಲಿ ಕೆಂಡಕ್ಕೆ ಗಾಳಿ ಬೀಸುತ್ತಿದ್ದವನು ಬೀಸಣಿಗೆ ಕೆಳಗಿಟ್ಟ.

"ಇಲ್ಲಿನ ಕೆಲಸ ಖಲಾಸ್ ಮಾಡಿ ಊರಿಗೆ ಹೋಗು ಮಾರಾಯ."

"ಹೋಗಿ ಎಂತ ಮಾಡುದು?"

ಅವನೂ ನನ್ನ ಹಾಗೆಯೇ ಬಂದವನು, ಹಾಗೆಯೇ ಉಳಿದವನು. ಕೋಳಿಯ ದೊಡ್ಡ ತುಂಡನ್ನು ನನ್ನ ತಟ್ಟೆಗೆ ಹಾಕಿ ಮತ್ತೆ ಬೀಸಣಿಗೆ ಎತ್ತಿಕೊಂಡ.

ಈ ಸಲ ಚಳಿ ಜೋರಾಗಿದೆ. ಎರಡು ಅಂಗಿ, ಅದರ ಮೇಲೆ ಕೋಟು ಹಾಕಿಕೊಂಡು ಕೆಲಸಕ್ಕೆ ಹೋಗುತ್ತೇನೆ. ಮೊನ್ನೆ ಬಸ್ಸಿಗೆ ಕಾಯುತ್ತ ಗಡಗಡ ನಡುಗುತ್ತಿರುವಾಗ ಅವಳ ಫೋನು ಬಂತು. ಊಟ, ತಿಂಡಿ ಎಲ್ಲ ವಿಚಾರಿಸಿ, ಕೊನೆಗೆ ಮೆಲ್ಲಗೆ ಕೇಳಿದಳು:

"ಅಲ್ಲಿ ಚಳಿ ಶುರುವಾಯ್ತಾ?"

ಹೌದೆಂದರೆ ಬಾ ಎನ್ನಬೇಕಾಗುತ್ತದೆ. ಬಾ ಎಂದರೆ ಎಲ್ಲಿಗೆ ಎಂದು ಕೇಳುತ್ತಾಳೆ.

"ಇಲ್ಲ ಮಾರಾಯ್ತಿ, ಈ ವರ್ಷ ಇಲ್ಲಿ ಚಳಿಯೇ ಇಲ್ಲ" ಎಂದೆ.