ಟ್ಯೂಬಿನ ಹೊಟ್ಟೆಯ ಕರೆಂಟು

“ಎಡಗೈ ಎಲ್ಲಿ? ಎಡಗೈ ಎಲ್ಲೋ ಅಂತ ಕೇಳ್ದೆ!”

“ಜೇಬಲ್ಲಿದೆ ಮಾವ.”

“ಇನ್ನೂ ಒಳಗೆ ಹಾಕು. ಅಲ್ಲಿ ಚಾಕಲೇಟ್ ಇದೆ ಅಂತ ಗೊತ್ತು, ನಾನೇನು ಕಿತ್ಕೊಳಲ್ಲ.”

ಡುಮ್ಮ ಕಿಸಕ್ಕನೆ ನಕ್ಕ. ಮಾವ ನಗಲಿಲ್ಲ. ಹಿಂಬದಿ ಬಿಚ್ಚಿದ ಹಳೇ ಟಿ.ವಿ. ಮೇಜಿನ ಮೇಲಿತ್ತು. ಅದರ ಮುಂದೆ ನಾನು, ನನ್ನ ಚಿಕ್ಕಮ್ಮನ ಮಕ್ಕಳಾದ ಹನ್ನೆರಡರ ಡುಮ್ಮ, ಒಂಬತ್ತರ ಗುಬ್ಬಿ, ಮೂವರೂ ಎಡಗೈ ಜೇಬಿಗೆ ತುರುಕಿಕೊಂಡು ನಿಂತಿದ್ದೆವು. ಎರಡೂ ಕೈ ಟಿ.ವಿ. ಒಳಗಿಟ್ಟರೆ ಕರೆಂಟು ಎದೆ ಹಾದು ಹೋಗುತ್ತದಂತೆ, ಅದಕ್ಕೇ ಈ ಕಾನೂನು.

ಮಾವ ನಮ್ಮಮ್ಮಂದಿರ ಅಣ್ಣ. ಮೂವತ್ತು ವರ್ಷದಿಂದ ಟಿ.ವಿ. ರಿಪೇರಿ. ಡಬ್ಬದಂಥ ಟಿ.ವಿ.ಗಳನ್ನು ಈಗ ಯಾರೂ ತರುವುದಿಲ್ಲ; ಫ್ಯಾನು, ಇಸ್ತ್ರಿಪೆಟ್ಟಿಗೆ ತರುತ್ತಾರೆ. ಹಿಂದೆ ಗೇಮ್ ಅಂಗಡಿಗಳಲ್ಲಿ ಇರುತ್ತಿತ್ತಲ್ಲ, ನಿಂತುಕೊಂಡು ಆಡುವ ಆಳೆತ್ತರದ ಪೆಟ್ಟಿಗೆ, ಅದನ್ನು ನಾವೇ ಮಾಡೋಣ ಮಾವ ಅಂದಾಗ ಅವರ ಮುಖ ನೋಡಬೇಕಿತ್ತು! ಮುರಿದ ಬೀರುವಿನ ಬಾಗಿಲುಗಳು ಪೆಟ್ಟಿಗೆಯ ಪಕ್ಕೆಗಳಾದವು. ಶೆಲ್ಫಿನಲ್ಲಿ ಉಳಿದಿದ್ದ ಕೊನೆಯ ಒಳ್ಳೆ ಟಿ.ವಿ. ಕೆಳಗಿಳಿಯಿತು.

ಆದರೆ ಇಷ್ಟು ಹೆದರುವ ಮೆಕ್ಯಾನಿಕ್ಕನ್ನು ನಾನು ಬೇರೆಲ್ಲೂ ಕಂಡಿಲ್ಲ. ಕೆಲಸ ಕಲಿಯುವಾಗ ಒಂದು ಪಿಕ್ಚರ್ ಟ್ಯೂಬ್, ಅಂದರೆ ಟಿ.ವಿ.ಯ ಚಿತ್ರ ಮೂಡುವ ಗಾಜಿನ ಬುರುಡೆ, ಅವರನ್ನು ಎತ್ತಿ ಗೋಡೆಗೆ ಒಗೆದಿತ್ತಂತೆ.

“ಪ್ಲಗ್ ಕಿತ್ತಿದ್ದೆ ಕಣೇ. ಕಿತ್ರೂ ಟ್ಯೂಬಿನ ಹೊಟ್ಟೇಲಿ ಕರೆಂಟು ಕೂತಿರುತ್ತೆ, ಬಿಲದಲ್ಲಿ ಹಾವು ಕೂತ ಹಾಗೆ. ಹೆದರೋನು ಮೆಕ್ಯಾನಿಕ್. ಹೆದರದೋನು ಗೋಡೆ ಮೇಲಿನ ಫೋಟೋ.”

ಮಾವ ಉದ್ದನೆಯ ಸ್ಕ್ರೂಡ್ರೈವರಿಗೆ ವೈರ್ ಸುತ್ತಿ, ಅದರ ಇನ್ನೊಂದು ತುದಿಯನ್ನು ಟ್ಯೂಬಿನ ಅರ್ತ್ ತಂತಿಗೆ ಕಚ್ಚಿಸಿ, ಟ್ಯೂಬಿನ ನೆತ್ತಿಯ ಮೇಲಿದ್ದ ರಬ್ಬರ್ ಟೋಪಿಯ ಅಡಿಗೆ ಮೆಲ್ಲಗೆ ತೂರಿಸಿದರು. ಚಟ್!

“ಹಾವು ಸತ್ತಿತು. ಇನ್ನು ಟ್ಯೂಬನ್ನ ಪೆಟ್ಟಿಗೆಗೆ ಸಾಗಿಸ್ಬೇಕು. ಗುಬ್ಬಿ, ಆ ಟೋಪಿ ಬಿಚ್ಚೋದು ನೀನೇ. ನನ್ನ ಬೆರಳು ಬದನೆಕಾಯಿ, ಒಳಗೆ ಹೋಗಲ್ಲ.”

ಗುಬ್ಬಿ ಹಿಗ್ಗಿ ಹೀರೇಕಾಯಿಯಾದಳು. ಅಷ್ಟರಲ್ಲಿ ಅಂಗಡಿಯ ಬಾಗಿಲಲ್ಲಿ ಯಾರೋ ಫ್ಯಾನ್ ಹಿಡಿದುಕೊಂಡು ಕರೆದರು. “ನಾನು ಬರೋವರೆಗೂ ಯಾರೂ ಏನೂ ಮುಟ್ಟಬಾರದು,” ಎಂದು ಮಾವ ಎದ್ದು ಹೋದರು.

“ಅಕ್ಕಾ, ಒಂದೇ ಒಂದ್ಸಲ ಗೇಮ್ ಹೆಂಗ್ ಬರುತ್ತೆ ನೋಡೋಣ,” ಎಂದ ಡುಮ್ಮ.

ಆಟಗಳು ತುಂಬಿದ್ದ ಗೇಮ್ ಬೋರ್ಡನ್ನು ಟಿ.ವಿ.ಗೆ ಆಗಲೇ ಸಿಕ್ಕಿಸಿಯಾಗಿತ್ತು. ದೊಡ್ಡವಳು ನಾನು, ಬೇಡ ಅನ್ನಬೇಕಿದ್ದವಳು ನಾನೇ ಪ್ಲಗ್ ಹಾಕಿದೆ. ಅಬ್ಬಾ, ಎಂಥಾ ಬಣ್ಣ! ಎರಡು ನಿಮಿಷ ನಾವು ಲೋಕವನ್ನೇ ಮರೆತೆವು. ಚಪ್ಪಲಿ ಸದ್ದು ಕೇಳಿದ್ದೇ ತಡ, ಆಫ್ ಮಾಡಿ, ಪ್ಲಗ್ ಕಿತ್ತು, ಹಾಲು ಕುಡಿದ ಬೆಕ್ಕುಗಳ ಹಾಗೆ ನಿಂತೆವು.

“ಬಾರೇ ಗುಬ್ಬಿ. ಸ್ಟೂಲ್ ಹತ್ತು. ಬಲಗೈ ಬೆರಳು ಟೋಪಿ ಅಡಿಗೆ ಹಾಕಿ ಒತ್ತು.”

ಗುಬ್ಬಿ ಹತ್ತಿದಳು. ಬೆರಳು ಚಾಚಿದಳು.

ಆಗ ನನಗೆ ಹೊಳೆಯಿತು. ನಾವು ಅದಕ್ಕೆ ಮತ್ತೆ ಕರೆಂಟು ಕುಡಿಸಿದ್ದೇವೆ. ಹಾವು ಸತ್ತಿಲ್ಲ. ಹೀಗೆ ಒಳಗೇ ಉಳಿಯುವ ಚಾರ್ಜಿನ ಬಗ್ಗೆ ಕಾಲೇಜಿನ ಪರೀಕ್ಷೆಯಲ್ಲಿ ಎರಡು ಪುಟ ಬರೆದು ಫುಲ್ ಮಾರ್ಕ್ಸ್ ತಗೊಂಡವಳು ನಾನು! ಮಾವ ಏನಂದುಕೊಳ್ಳುತ್ತಾರೋ ಎಂದು ಒಂದು ಕ್ಷಣ, ನಿಜವಾಗಲೂ ಒಂದು ಕ್ಷಣ, ನಾನು ಬಾಯಿ ಬಿಡಲಿಲ್ಲ. ಬೆರಳಿಗೂ ಟೋಪಿಗೂ ನಡುವೆ ಗೇಣೂ ಇರಲಿಲ್ಲ.

“ಬೇಡ! ಮುಟ್ಬೇಡ ಕಣೇ!”

ಮಾವ ಗುಬ್ಬಿಯ ಸೊಂಟ ಹಿಡಿದು ಸರಕ್ಕನೆ ಎಳೆದುಕೊಂಡರು. “ಯಾಕೆ?”

“ನಾನು ಆನ್ ಮಾಡಿದ್ದೆ ಮಾವ. ಎರಡೇ ನಿಮಿಷ.”

ಅವರು ಗುಬ್ಬಿಯನ್ನು ದೂರ ನಿಲ್ಲಿಸಿ, ಸ್ಕ್ರೂಡ್ರೈವರನ್ನು ಟೋಪಿಯ ಅಡಿಗೆ ತೂರಿಸಿದರು. ಚಟಾರ್! ನೀಲಿ ಕಿಡಿ ಹಾರಿತು. ಗುಬ್ಬಿ ಕಿಟಾರನೆ ಕಿರುಚಿ ಅಳತೊಡಗಿದಳು.

ಮಾವ ಸ್ಕ್ರೂಡ್ರೈವರನ್ನು ಅಲ್ಲೇ ಕೆಳಗೆ ಬಿಟ್ಟರು. ಸ್ಟೂಲಿನ ಮೇಲೆ ಕುಸಿದು, ಗುಬ್ಬಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು, ಅವಳ ಬೆರಳುಗಳನ್ನು ಒಂದೊಂದಾಗಿ ಒತ್ತಿ ಒತ್ತಿ ನೋಡಿದರು. ಹತ್ತೂ ನೋಡಿ ಮತ್ತೆ ಮೊದಲಿನಿಂದ ಶುರು ಮಾಡಿದರು.

“ಬೈದ್ಬಿಡಿ ಮಾವ,” ಎಂದೆ.

“ನಿನ್ನ ಬೈದು ಏನ್ಮಾಡ್ಲಿ? ಎದ್ದು ಹೋಗಿ ಬಂದ್ಮೇಲೆ ಇನ್ನೊಂದ್ಸಲ ಸ್ಕ್ರೂಡ್ರೈವರ್ ಮುಟ್ಟಿಸಿ ನೋಡದೇನೇ ಮೂವತ್ತು ವರ್ಷದಲ್ಲಿ ಒಂದಿನಾನೂ ಕೈ ಹಾಕಿದೋನಲ್ಲ. ಇವತ್ತು ನೀವಿದ್ದೀರ ಅನ್ನೋ ಖುಷೀಲಿ ಹೆದರೋದನ್ನೇ ಮರ್ತೆ.”

ಡುಮ್ಮ ಪಿಸುಗುಟ್ಟಿದ: “ಹಾಗಾದ್ರೆ ಪೆಟ್ಟಿಗೆ ಮಾಡಲ್ವಾ ಮಾವ?”

ಮಾವ ಕಟಿಂಗ್ ಪ್ಲೇಯರ್ ತೆಗೆದುಕೊಂಡು ಟಿ.ವಿ.ಯ ವೈರಿನಿಂದ ಪ್ಲಗ್ಗನ್ನು ಕಚಕ್ಕನೆ ಕತ್ತರಿಸಿ ನನ್ನ ಅಂಗೈಯಲ್ಲಿಟ್ಟರು.

“ಕಾಲೇಜು ಮೇಡಂ, ಇದು ನಿಮ್ಮ ಹತ್ರ ಇರ್ಲಿ. ಟ್ಯೂಬನ್ನ ನಾನು ಒಬ್ನೇ ಪೆಟ್ಟಿಗೇಲಿ ಕೂಡಿಸಿಟ್ಟಿರ್ತೀನಿ. ಮುಂದಿನ ಭಾನುವಾರ ಹತ್ತು ಗಂಟೆಗೆ ಈ ಪ್ಲಗ್ ತಗೊಂಡ್ ಬಾ, ಬಟನ್‌ಗಳಿಗೆ ತೂತು ಕೊರೆಯೋಣ. ಗುಬ್ಬೀನೂ ಕರ್ಕೊಂಡ್ ಬಾ, ಬರ್ತೀನಿ ಅಂದ್ರೆ.”

ಗುಬ್ಬಿ ಮಾವನ ಅಂಗಿಗೇ ಮೂಗೊರೆಸಿದಳು. “ಬರ್ತೀನಿ. ಅಕ್ಕನ ಪಕ್ಕ ಮಾತ್ರ ನಿಲ್ಲಲ್ಲ.”