ಕೈ ಚಾಚಿ ಅಳೆದ ಸಂದಿ

ಅಟ್ಟೂರಿನಲ್ಲಿ ಇನ್ನೂ ರಾಗಿ ಹುಲ್ಲಿನ ಮೆದೆಗಳಿದ್ದ ಕಾಲ ಅದು. ಹೊಲ ಮಾರಿದವರು ಬಾಡಿಗೆ ಮನೆ ಕಟ್ಟಿಸುತ್ತಿದ್ದರೂ ಕೊಟ್ಟಿಗೆಯಲ್ಲಿ ಒಂದಾದರೂ ಹಸು ಇರುತ್ತಿತ್ತು. ಬೇಸಿಗೆ ರಜೆ ಎಂದರೆ ನಮಗೆ ಉಪ್ಪು ಖಾರ ಹಚ್ಚಿದ ಮಾವಿನಕಾಯಿ, ಕುಂಟೆಬಿಲ್ಲೆ, ಅಷ್ಟೇ. ನಾನು ಆರನೇ ಕ್ಲಾಸ್ ಮುಗಿಸಿದ ವರ್ಷ ಮಾತ್ರ ಶಾಲೆಯ ಮೈದಾನಕ್ಕೆ ಫೈರ್ ಇಂಜಿನ್ ಬಂತು. ಮಕ್ಕಳಿಗೆ ಒಂದು ವಾರ ಬೆಂಕಿ ಆರಿಸುವ ತರಬೇತಿ.

ಒದ್ದೆ ಪೈಪಿನ ಕ್ಯಾನ್ವಾಸ್ ವಾಸನೆ ಈಗಲೂ ನನ್ನ ಮೂಗಿನಲ್ಲಿದೆ. ನೀರು ಬಿಟ್ಟರೆ ಅದು ಹಿಡಿದ ನಾಲ್ವರನ್ನೂ ಎಳೆದಾಡಿಬಿಡುತ್ತಿತ್ತು. ಆದರೆ ಮೀಸೆ ನರೆತ ಸಾಹೇಬರು ಮೊದಲು ಕಲಿಸಿದ್ದು ಪೈಪು ಹಿಡಿಯುವುದನ್ನಲ್ಲ. ನನ್ನನ್ನೂ ಗೆಳತಿ ಪದ್ಮಳನ್ನೂ ಗಾಡಿಯ ಮುಂದೆ ಕೈ ಚಾಚಿ, ಬೆರಳಿಗೆ ಬೆರಳು ತಾಗಿಸಿ ನಿಲ್ಲಿಸಿದರು.

"ನೋಡ್ಕೊಳ್ರಮ್ಮ, ನಮ್ ಗಾಡಿ ಇಷ್ಟಗಲ. ನಿಮ್ಮ ಬೀದೀಲಿ ಹಿಂಗೇ ನಿಂತು ಅಳೀರಿ. ಕೈ ಮಡಚಬೇಕಾಯ್ತು ಅಂದ್ರೆ ಅಲ್ಲಿಗೆ ನಾವು ಬರೋಕಾಗಲ್ಲ."

ಅವತ್ತೇ ಸಂಜೆ ನಮ್ಮ ಸಂದಿ ಅಳೆದೆವು. ಕೊನೆಯಲ್ಲಿ ಪದ್ಮಳ ಮನೆ, ನಡುವೆ ನಮ್ಮದು. ಎಲ್ಲ ಕಡೆ ಕೈ ಚಾಚಲು ಆಯಿತು, ನಮ್ಮ ಮನೆ ಮುಂದೆ ಮಾತ್ರ ಆಗಲಿಲ್ಲ. ಮಹಡಿಯ ಬಾಡಿಗೆಯವರಿಗೆಂದು ಅಪ್ಪ ಹೊಸದಾಗಿ ಕಟ್ಟಿಸಿದ್ದ ಮೆಟ್ಟಿಲು ಸಂದಿಗೇ ಇಳಿದಿತ್ತು. ಎಲ್ಲರೂ ಒಂದೊಂದು ಗೇಣು ಮುಂದೆ ಬಂದವರೇ. ನಾವು ಮೂರು ಗೇಣು ಬಂದಿದ್ದೆವು.

"ಅಪ್ಪಾ, ಮೆಟ್ಲು ತೆಗೆಸ್ಬೇಕು. ಫೈರ್ ಇಂಜಿನ್ ಬರಾಕಾಗಲ್ಲ."

ಅಪ್ಪ ನಕ್ಕರು. "ಬೆಂಕಿ ಗಾಡಿ ನಮ್ ಸಂದಿಗ್ಯಾಕೆ ಬರ್ತದವ್ವ? ನೋಡಾಣ ಬಿಡು."

ತರಬೇತಿ ಮುಗಿದ ನಾಲ್ಕೇ ದಿನಕ್ಕೆ, ಮಟಮಟ ಮಧ್ಯಾಹ್ನ, ಪದ್ಮಳ ಮನೆಯ ಮೆದೆಗೆ ಬೆಂಕಿ ಬಿತ್ತು. ಮೆದೆಗೆ ಅಂಟಿಕೊಂಡೇ ಕೊಟ್ಟಿಗೆ. ಒಳಗೆ ಕಟ್ಟಿಹಾಕಿದ್ದ ಗಬ್ಬದ ಹಸು ಗೌರಿ. ಗಂಟೆ ಬಾರಿಸುತ್ತ ಗಾಡಿ ಬಂತು. ಬಂದು, ನಮ್ಮ ಮೆಟ್ಟಿಲ ಮುಂದೆ ನಿಂತಿತು. ಗಾಡಿಯವರು ಪೈಪಿಗೆ ಪೈಪು ಜೋಡಿಸಿಕೊಂಡು ಓಡುವಷ್ಟರಲ್ಲಿ ಕೊಟ್ಟಿಗೆಯ ಸೂರು ಕುಸಿಯಿತು. ಅಪ್ಪ ಬಿಂದಿಗೆ ಬಿಂದಿಗೆ ನೀರು ಹೊತ್ತು, ಹಗ್ಗ ಬಿಚ್ಚಲು ಹೋಗಿ ಅಂಗೈ ಸುಟ್ಟುಕೊಂಡರು. ಒಂದು ವಾರ ಕಲಿತಿದ್ದ ನಾನು ಅದೇ ಮೆಟ್ಟಿಲ ಮೇಲೆ ಸುಮ್ಮನೆ ನಿಂತಿದ್ದೆ. ಗೌರಿಯ ಕೂಗು ನಿಂತ ಮೇಲೂ ನಿಂತಿದ್ದೆ.

ಮರುದಿನ ಪದ್ಮ ಕೇಳಿದಳು, "ನಿಮ್ಮಪ್ಪಂಗೆ ಹೇಳಿದ್ಯೇನೇ?"

"ಹೇಳ್ದೆ ಕಣೇ."

"ಎಷ್ಟು ಸಲ?"

ಒಂದೇ ಸಲ. ನಾನು ತಿರುಗಿ ಮನೆಯೊಳಗೆ ಹೋದೆ. ಆಮೇಲೆ ಅವಳು ಕುಂಟೆಬಿಲ್ಲೆಗೆ ಬರಲಿಲ್ಲ. ವರ್ಷದೊಳಗೆ ಅವರು ಮನೆ ಮಾರಿ ಅಬ್ಬಿಗೆರೆ ಕಡೆ ಹೋದರು. ಅಂಥ ಗೆಳತಿ ನನಗೆ ಮತ್ತೆ ಸಿಗಲಿಲ್ಲ.

ಈಗ ಹತ್ತಿರದಲ್ಲೇ ಹೊಸ ಅಗ್ನಿಶಾಮಕ ಠಾಣೆ ಆಗಿದೆ. ಮಕ್ಕಳಿಗೆ ಪ್ರತಿ ರಜೆಯಲ್ಲೂ ತರಬೇತಿ ಇದೆ. ಮೆದೆಗಳಿಲ್ಲ, ಹಸುಗಳಿಲ್ಲ, ಅಪ್ಪನೂ ಇಲ್ಲ. ಮೆಟ್ಟಿಲಿದೆ, ಈಗ ಅದು ನಾಲ್ಕು ಮಹಡಿಗೆ ಹತ್ತುತ್ತದೆ, ಬಾಡಿಗೆಯವರಿಗೆಲ್ಲ ಅದೊಂದೇ ದಾರಿ. ಕಳೆದ ವಾರ ಮಗಳು ತರಬೇತಿಯಿಂದ ಬಂದವಳೇ ಗೆಳತಿಯ ಜೊತೆ ಸಂದಿಯಲ್ಲಿ ಕೈ ಚಾಚಿ ನಿಂತಳು.

"ಅಮ್ಮಾ, ನಮ್ಮನೆ ಹತ್ರ ಮಾತ್ರ ಕೈ ಮಡಚ್ಬೇಕು. ಈ ಮೆಟ್ಲು ಒಡೆಸ್ತೀಯಾ?"

ಪಕ್ಕದಲ್ಲಿದ್ದ ಹುಡುಗಿ ಸಂದಿಯ ಕೊನೆ ಮನೆಯವಳು. ಅವಳ ಮುಖ ನೋಡಲು ನನ್ನಿಂದ ಆಗಲಿಲ್ಲ.

"ನೋಡೋಣ ಬಿಡು ಪುಟ್ಟಿ" ಅಂದೆ.