ನನ್ನದಲ್ಲದ ಮಾತಿಗೆ ಬಿದ್ದ ಚಪ್ಪಾಳೆ

ಇಂದು ಮಂಗಳವಾರ, ಸಂಜೆ ಐದು ಗಂಟೆ. ಅಂಕಲಿಯಲ್ಲಿ ಸವಿತಾಳ ಔಷಧಿ ಅಂಗಡಿ. ಅವಳು ಮತ್ತು ನಾನು, ಇಬ್ಬರೇ. ಇಷ್ಟು ವರ್ಷ ಮುಚ್ಚಿಟ್ಟದ್ದನ್ನು ಅವಳೆದುರೇ ಹೇಳಿದೆ—ಅವಳು ಕಂಡುಕೊಂಡದ್ದನ್ನು ನನ್ನದೆಂದು ಹೇಳಿ ನಾನು ಹೊಗಳಿಸಿಕೊಂಡಿದ್ದೆ. ನಾಡಿದ್ದು ಹೊಸ ವಿದ್ಯಾರ್ಥಿಗಳೆದುರು ಕೂಡಿ ಕೆಲಸ ಮಾಡುವ ಬಗ್ಗೆ ಮಾತಾಡಲು ಕಾಲೇಜಿನವರು ನನ್ನನ್ನು ಕರೆದಿದ್ದಾರೆ. ಅದಕ್ಕೂ ಮೊದಲು ಇದು ಮುಗಿಯಬೇಕಿತ್ತು.

ಸವಿತಾ ಓದುತ್ತಿದ್ದಾಗ ನಾನು ಆ ಕಾಲೇಜಿನ ಆಸ್ಪತ್ರೆಯಲ್ಲಿ ವಾರ್ಡ್ ಸಿಸ್ಟರ್, ಚಾದರ ಸುಕ್ಕಾಗಿದ್ದರೂ ಗದರುವವಳು. ಒಬ್ಬರ ಕೆಲಸ ಇನ್ನೊಬ್ಬರಿಗೆ ತಿಳಿಯಲೆಂದು ಫಾರ್ಮಸಿ ಓದುವವರನ್ನು ನರ್ಸುಗಳ ಹಿಂದೆ, ನರ್ಸಿಂಗ್ ಓದುವವರನ್ನು ಫಾರ್ಮಸಿಯವರ ಹಿಂದೆ ಒಂದು ವಾರ ಕಳಿಸುತ್ತಿದ್ದರು. ಫಾರ್ಮಸಿಯ ಸವಿತಾ ನನ್ನ ಪಾಲಿಗೆ ಬಂದಳು.

ಸೊಂಟದ ಮೂಳೆ ಮುರಿದ ಅಜ್ಜಿಯೊಬ್ಬಳು ನೀರನ್ನೇ ಮುಟ್ಟುತ್ತಿರಲಿಲ್ಲ. ಹಟಮಾರಿ ಎಂದುಕೊಂಡೆ, ಡಾಕ್ಟರು ಸಲೈನ್ ಹಾಕಿಸಿದರು. ಸವಿತಾ ಪಕ್ಕದಲ್ಲಿ ಕುಳಿತು ಕಾರಣ ಕೇಳಿದಳು. ಅಜ್ಜಿ ಪಿಸುಗುಟ್ಟಿದಳಂತೆ: "ಅಳಿಯಾರು ಇಲ್ಲೇ ಕುಂತಾರಲ್ಲವಾ, ಅವರ ಮುಂದ ಒಂದಕ್ಕ ಹೆಂಗ ಹೋಗ್ಲಿ? ನೀರ ಕುಡದ್ರ ತಾನ ಆ ಪಂಚಾಯ್ತಿ?"

ಸವಿತಾ ಬಂದು ನನಗೆ ಹೇಳಿದಳು. ಅಳಿಯನನ್ನು ಮನೆಗೆ ಕಳಿಸಿ ಮಗಳನ್ನು ಕರೆಸಿದೆ. ಅಜ್ಜಿ ಗಟಗಟ ನೀರು ಕುಡಿದಳು.

ಮಧ್ಯಾಹ್ನ ವಾರ್ಡಿನವರೆಲ್ಲರೂ ಸೇರುವ ಸಭೆ. ಡಾಕ್ಟರು, "ನಿಮಗ ಹೆಂಗ ತಿಳೀತ್ರಿ ಸಿಸ್ಟರ್?" ಎಂದರು.

"ಇಷ್ಟ ವರ್ಷ ಮಂದೀನ ನೋಡೇನಿ, ತಿಳ್ಯಾಂಗಿಲ್ಲೇನ್ರಿ ಸರ್?"

ಚಪ್ಪಾಳೆ ಬಿತ್ತು. ಸವಿತಾ ಎದುರಿಗೇ ನಿಂತಿದ್ದಳು. ಅವಳತ್ತ ಒಮ್ಮೆ ಕೈ ತೋರಿಸಿದ್ದರೆ—ತೋರಿಸಲಿಲ್ಲ. ಉಳಿದ ದಿನಗಳಲ್ಲಿ ಅವಳು ರೋಗಿಗಳ ಬಗ್ಗೆ ಒಂದು ಮಾತೂ ಆಡಲಿಲ್ಲ. ಕೂಡಿ ಕೆಲಸ ಮಾಡುವುದನ್ನು ಕಲಿಯಲು ಬಂದವಳಿಗೆ ಸುಮ್ಮನಿರುವುದನ್ನು ಕಲಿಸಿದೆ.

ಇಂದು ಇದನ್ನೆಲ್ಲ ಕೇಳಿ ಸವಿತಾ ನಕ್ಕಳು. "ಭಾಳ ಸಿಟ್ಟ ಬಂದಿತ್ರಿ ಸಿಸ್ಟರ್. ಹಾಸ್ಟೆಲ್‌ನ್ಯಾಗ ನಿಮಗ 'ಕಳ್ಳ ಸಿಸ್ಟರ್' ಅಂತ ಹೆಸರಿಟ್ಟಿದ್ದೆ."

ನನಗೂ ನಗು ಬಂತು. ಹೆಸರಲ್ಲಿ ತಪ್ಪೇನೂ ಇರಲಿಲ್ಲ.

ಆದರೆ ಸುಳ್ಳು ಹೇಳಿದ್ದು ಡಾಕ್ಟರಿಗೆ. ನಿವೃತ್ತರಾಗಿ ಅಥಣಿಯಲ್ಲಿರುವ ಅವರಿಗೆ ಸವಿತಾಳ ಅಂಗಡಿಯಿಂದಲೇ ಫೋನ್ ಮಾಡಿದೆ. ಅಜ್ಜಿಯ ನೆನಪು ಮಾಡಿಕೊಟ್ಟು, "ಅದು ತಿಳದಿದ್ದು ನನಗಲ್ರಿ ಸರ್, ಸವಿತಾಗ. ನಾ ಸುಳ್ಳ ಹೇಳಿದ್ದೆ. ಆಕಿ ಇಲ್ಲೇ ನನ್ನ ಮುಂದ ಅದಾಳ" ಎಂದೆ.

"ಆಕೀ ಕೈಯಾಗ ಕೊಡ್ರಿ ಫೋನ್," ಎಂದರು ಅವರು.

ಕೊಟ್ಟೆ. ಸವಿತಾ ಮೊದಲಿನಿಂದ ಹೇಳತೊಡಗಿದಳು. ಒಂದೆರಡು ಕಡೆ ನನ್ನ ನೆನಪೇ ಬೇರೆ ಇತ್ತು. ನಡುವೆ ಬಾಯಿ ಹಾಕಲಿಲ್ಲ. ಅಷ್ಟರಲ್ಲಿ ಗಿರಾಕಿಯೊಬ್ಬ ಔಷಧಿ ಚೀಟಿ ಹಿಡಿದು ಬಂದ.

"ಸ್ವಲ್ಪ ತಡೀರಿ," ಎಂದೆ, "ಆಕಿ ಮಾತಾಡಾಕತ್ತಾಳ."